ಗೆರೆಯಮ್ಮನ ಹಲಗೆ

“ಜಡೆ ಹಾಕ್ಕೊಳ್ಳೋವಾಗ ಕೈ ಮೇಲಕ್ಕೆ ಹೋಗೋದೇ ಇಲ್ಲ ಡಾಕ್ಟ್ರಮ್ಮ. ಅರ್ಧ ದಾರೀಲೇ ಹಿಡ್ಕೊಂಡ್‌ಬಿಡುತ್ತೆ,” ಎಂದ ರೋಲರಪ್ಪ.

ಫಿಸಿಯೋ ಹುಡುಗಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಎದುರಿಗೆ ಕೂತಿದ್ದವನ ತಲೆಯನ್ನು ನಿಧಾನವಾಗಿ ನೋಡಿದಳು. ತೊಳೆದು ಬೋರಲು ಹಾಕಿದ ಬಟ್ಟಲಿನ ಹಾಗೆ ನುಣ್ಣಗಿತ್ತು. ಕಿವಿಗಳ ಮೇಲೆ ಮಾತ್ರ ಹೆಸರಿಗೆ ಅಂತ ಒಂದಷ್ಟು ಕೂದಲು, ನಡುನೆತ್ತಿಯಲ್ಲಿ ಒಣಗಿದ ಬಿಳಿ ಬಣ್ಣದ ಒಂದು ತೊಟ್ಟು.

“ಯಾವ ಜಡೆ?” ಎಂದು ಕೇಳಿದಳು.

ರೋಲರಪ್ಪನ ಬಲಗೈ ತಾನಾಗಿಯೇ ನೆತ್ತಿಗೆ ಹೋಯಿತು. ಎಲ್ಲೂ ಹಿಡಿಯದೆ, ಎಣ್ಣೆ ಹಾಕಿದ ಬಾಗಿಲಿನಂತೆ ಸಲೀಸಾಗಿ ಹೋಯಿತು. ಹೋದ ಮೇಲೆ ಅವನಿಗೂ ಅದು ಗೊತ್ತಾಗಿ, ಕೈಯನ್ನು ಅಲ್ಲೇ ಬಿಟ್ಟು ಪೆಚ್ಚುಪೆಚ್ಚಾಗಿ ನಕ್ಕ.

“ಹೋದ ಸಲ ಬಂದಾಗ ಬೆನ್ನ ಹಿಂದೆ ಹುಕ್ಕು ಹಾಕೋಕೆ ಆಗಲ್ಲ ಅಂದ್ರಿ. ಅವರವರ ಬಟ್ಟೆ ಅವರವರ ಇಷ್ಟ ಅಂತ ನಾನು ಸುಮ್ನಿದ್ದೆ. ಈಗ ಜಡೆ. ಇದು ಯಾರ ನೋವು, ನಿಜ ಹೇಳಿ.”

“ಮನೆಯೋಳ್ದು ಡಾಕ್ಟ್ರಮ್ಮ.”

“ನಾನು ಡಾಕ್ಟರ್ ಅಲ್ಲ, ಫಿಸಿಯೋ. ಎಷ್ಟು ಸಲ ಹೇಳಿದೀನಿ.”

“ಆಯ್ತು ಡಾಕ್ಟ್ರಮ್ಮ.”

ಇಲ್ಲಿ ಈ ಸಂಸಾರದ ವಿಷಯ ಸ್ವಲ್ಪ ಹೇಳಿಬಿಡಬೇಕು. ಇಲ್ಲದಿದ್ದರೆ ಓದುವವರಿಗೆ ರೋಲರಪ್ಪನ ಮೇಲೆ ಸುಮ್ಮನೆ ಸಿಟ್ಟು ಬಂದೀತು. ಅವನು ಅಷ್ಟು ಕೆಟ್ಟವನಲ್ಲ. ದಡ್ಡ ಅಂದರೆ ಒಪ್ಪಬಹುದು. ಗಂಡ ಹೆಂಡತಿ ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಯುವವರು. ಅವನು ರೋಲರ್ ಹಿಡಿದು ಛಾವಣಿ ಮತ್ತು ಗೋಡೆ ಮುಗಿಸುತ್ತಿದ್ದ. ಎರಡು ಬಣ್ಣ ಸೇರುವಲ್ಲಿ ಸಣ್ಣ ಬ್ರಷ್ಷಿನಿಂದ ಗೆರೆ ಎಳೆಯುವುದು ಅವಳ ಪಾಲು. ಟೇಪು ಅಂಟಿಸದೆ, ದಾರ ಹಿಡಿಯದೆ, ಉಸಿರು ಕಟ್ಟಿ ಅವಳು ಎಳೆದ ಗೆರೆಗೆ ಅಳತೆಪಟ್ಟಿ ಇಟ್ಟು ನೋಡಿದವರು ಪಟ್ಟಿಯನ್ನೇ ಅನುಮಾನಿಸುತ್ತಿದ್ದರು. ಹಾಗಾಗಿ ಕಸುಬಿನವರ ಬಾಯಲ್ಲಿ ಅವನು ರೋಲರಪ್ಪ, ಅವಳು ಗೆರೆಯಮ್ಮ. ಮನೆಗೆ ಬರುವ ಕಾಗದಗಳಲ್ಲಿ ಬೇರೆ ಹೆಸರುಗಳಿದ್ದವು, ಅವನ್ನು ಯಾರೂ ಕೂಗುತ್ತಿರಲಿಲ್ಲ.

ಆ ಮನೆಯಲ್ಲಿ ಎರಡು ಎನ್ನುವುದೇ ಇರಲಿಲ್ಲ. ಓದುವ ಕನ್ನಡಕ ಒಂದೇ. ಅವನು ಪೇಪರಿನ ಮೊದಲ ಪುಟ ಮುಗಿಸುವವರೆಗೆ ಅವಳು ಕಾಯುತ್ತಿದ್ದಳು, ಅವಳು ಸೂಜಿಗೆ ದಾರ ಪೋಣಿಸುವವರೆಗೆ ಅವನು ಪೇಪರನ್ನು ದೂರ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದ. ಫೋನು ಒಂದು, ಛತ್ರಿ ಒಂದು. ಕೆಲಸದ ಜಾಗದಲ್ಲಿ ಚಹಾಕ್ಕೂ ಲೋಟ ಒಂದೇ, ಫ್ಲಾಸ್ಕಿನ ಮುಚ್ಚಳದಲ್ಲಿ ಅವಳು ಕುಡಿಯುತ್ತಿದ್ದಳು, ಲೋಟದಲ್ಲಿ ಅವನು. ಎರಡು ಏಣಿಗಳ ನಡುವೆ ಹಾಸಿ ನಿಲ್ಲುವ ಹಲಗೆಯೂ ಒಂದೇ. ಮದುವೆಯಾದ ಹೊಸದರಲ್ಲಿ ಬೇರೆ ಬೇರೆ ನಿಂತು ಕೆಲಸ ಮಾಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಹೀಗಿರುವಾಗ ಬಲಭುಜದ ನೋವು ಇಬ್ಬರಿಗೂ ಹೆಚ್ಚುಕಡಿಮೆ ಒಟ್ಟಿಗೇ ಬಂತು. ಅವನದು ಬಂದದ್ದು ಬೀದಿಗೆಲ್ಲ ಗೊತ್ತಾಯಿತು. ಅಂಗಿ ಹಾಕಿಕೊಳ್ಳುವಾಗ ಅವನು ಹಾಕುತ್ತಿದ್ದ “ಅಯ್ಯೋ ಅಮ್ಮಾ” ಕೇಳಿ ಪಕ್ಕದ ಮನೆಯವರು ಕಿಟಕಿಯಿಂದ ಇಣುಕುತ್ತಿದ್ದರು. ಅವಳದು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಅಟ್ಟದ ಮೇಲಿನ ಡಬ್ಬಿಗಳು ಒಂದೊಂದಾಗಿ ಕೆಳಗಿನ ಗೂಡಿಗೆ ಇಳಿದವು, ಅಷ್ಟೆ. ಒಂದು ದಿನ ಅವನು “ಏನೇ, ನಿಂಗೂ ನೋವಾ?” ಎಂದು ಕೇಳಿದಾಗ “ಹೂಂ, ನಿಮ್ಮದೇ ತರ,” ಎಂದಳು. ಆ ಮಾತೇ ಎಡವಟ್ಟಾದದ್ದು. ತನ್ನದೇ ತರ ಎಂದಮೇಲೆ ಇಬ್ಬರೂ ಕೆಲಸ ಬಿಟ್ಟು ಹೋಗುವುದು ಯಾಕೆ, ಒಬ್ಬರು ಹೋಗಿ ಕಲಿತು ಬಂದರಾಯಿತು ಎಂದು ರೋಲರಪ್ಪ ತೀರ್ಮಾನ ಮಾಡಿದ. ಕನ್ನಡಕದ ಹಾಗೆ ಔಷಧಿಯನ್ನೂ ಹಂಚಿಕೊಂಡರು.

ಅವನಿಗೆ ಭುಜದ ಒಳಗಿನ ಚಿತ್ರ ತೆಗೆದಿದ್ದರು. ಒಳಗಿನ ಹುರಿ ಅರ್ಧಕ್ಕಿಂತ ಹೆಚ್ಚು ಹರಿದಿದೆ ಎಂದು ಅದರಲ್ಲಿ ಬಂದಿತ್ತು. ಆ ಚಿತ್ರವನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಬೆಳಕಿಗೆ ಹಿಡಿದು ತೋರಿಸಿದ. ಫಿಸಿಯೋ ಕೊಟ್ಟ ಕೆಂಪು ರಬ್ಬರ್ ಪಟ್ಟಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದ. ಬೆಳಿಗ್ಗೆ ಎದ್ದು ಅವನು ಎಳೆಯುತ್ತಿದ್ದ, ಅವನಾದ ಮೇಲೆ ಅವಳು ಎಳೆಯುತ್ತಿದ್ದಳು. ಅವನ ಅಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುತ್ತ ಇಬ್ಬರನ್ನೂ ನೋಡುತ್ತಿದ್ದಳು.

ದಿನ ಕಳೆದಂತೆ ಅವನ “ಅಯ್ಯೋ ಅಮ್ಮಾ” ಕಡಿಮೆಯಾಯಿತು. ಅವಳು ರಾತ್ರಿ ಮಗ್ಗುಲು ಬದಲಿಸುವುದು ಹೆಚ್ಚಾಯಿತು.

“ನೀನು ಕಳ್ಳಾಟ ಆಡ್ತೀಯ. ಪೂರ್ತಿ ಎಳೀಬೇಕು ಕಣೇ, ಹೀಗೆ, ದಮ್ಮು ಕಟ್ಟಿ,” ಎಂದು ಅವನು ತೋರಿಸಿಕೊಡುತ್ತಿದ್ದ.

“ಎಳೀತಿದೀನಲ್ಲ,” ಎನ್ನುತ್ತಿದ್ದಳು ಅವಳು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ.

“ನಂದು ಅಷ್ಟು ಹರಿದಿದ್ದೇ ವಾಸಿಯಾಯ್ತು. ನಿಂದೇನು ಮಹಾ!”

ಇದು ಕೊನೆಗೆ ಜಡೆಯವರೆಗೆ ಬಂತು. ಅವಳು ಕೂದಲನ್ನು ಸುಮ್ಮನೆ ಒಂದು ರಬ್ಬರಿನಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಬರತೊಡಗಿದಾಗ ಅವನಿಗೆ ಒಳಗೊಳಗೇ ಗಾಬರಿಯಾಯಿತು. ಅದನ್ನೇ ಕೇಳಿಕೊಂಡು ಬರೋಣವೆಂದು ತನ್ನ ಭುಜದ ಲೆಕ್ಕದಲ್ಲಿ ಕೇಳಿದ. ಸಿಕ್ಕಿಬಿದ್ದ.

ಫಿಸಿಯೋ ಹುಡುಗಿ ಎಲ್ಲ ಕೇಳಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಸಿಟ್ಟು ಮಾಡಿಕೊಂಡಿದ್ದಾಳೋ ತಿಳಿಯಲಿಲ್ಲ. “ಆ ಕೆಂಪು ಪಟ್ಟೀನ ಅವರೂ ಎಳೀತಿದಾರಾ?”

“ನಂಗಿಂತ ಜಾಸ್ತಿ. ನಾನೇ ಎಳಿಸ್ತಿದ್ದೆ.”

“ಇವತ್ತೇ ನಿಲ್ಲಿಸಿ. ನಾಳೆ ಜಡೆಯವರನ್ನ ಕರ್ಕೊಂಡು ಬನ್ನಿ. ಅವರು ಬರದೆ ನೀವು ಬಂದ್ರೆ ನಾನು ಬಾಗಿಲು ತೆಗೆಯಲ್ಲ.”

ಕರೆದುಕೊಂಡು ಹೋಗುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಗೆರೆಯಮ್ಮ ಬರುವುದಿಲ್ಲವೆಂದು ಪಟ್ಟುಹಿಡಿದಳು. ಅದಕ್ಕೊಂದು ಕಾರಣವಿತ್ತು. ಆಗ ಅವರ ಕೈಯಲ್ಲಿದ್ದದ್ದು ದೊಡ್ಡ ಲೈಬ್ರರಿಯ ಓದುವ ಹಾಲು. ಉದ್ದಕ್ಕೆ ರೈಲು ಡಬ್ಬಿಯಂಥ ಕೋಣೆ, ಎತ್ತರದ ಕಿಟಕಿಗಳು. ಗೋಡೆಗೆ ತಿಳಿಹಸಿರು. ಛಾವಣಿಯ ಬಿಳಿ ಒಂದು ಗೇಣು ಗೋಡೆಯ ಮೇಲೂ ಇಳಿದು ಬಂದು ನಿಲ್ಲಬೇಕು. ಅದು ನಿಲ್ಲುವಲ್ಲಿ ಕಿರುಬೆರಳಗಲದ ಕಡುಹಸಿರು ಗೆರೆ, ನಾಲ್ಕೂ ಗೋಡೆ ಸುತ್ತಿ ಬರಬೇಕು. ಹಿಂದೊಮ್ಮೆ ಅದನ್ನು ಎಳೆದವಳು ಅವಳೇ. ಈ ಸಲ ಕೆಲಸ ಕೊಡುವಾಗ ಲೈಬ್ರರಿಯ ಮೇಡಂ ಬಾಯಿಬಿಟ್ಟು ಹೇಳಿದ್ದರು, “ಟೇಪ್ ಹಾಕಿದ ಗೆರೆ ಬೇಡ. ಓದಿ ಓದಿ ಬೇಜಾರಾದವರು ತಲೆ ಎತ್ತಿ ಆ ಗೆರೇನೇ ನೋಡ್ತಾರೆ. ಗೆರೆಯಮ್ಮನ ಕೈಯಿಂದ್ಲೇ ಆಗಬೇಕು.”

“ಅಲ್ಲಿಗೆ ಹೋದ್ರೆ ಏನು ಹೇಳ್ತಾರೆ ಅಂತ ನಂಗೆ ಗೊತ್ತು,” ಎಂದಳು ಗೆರೆಯಮ್ಮ. “ಏಣಿ ಹತ್ತಬೇಡಿ ಅಂತಾರೆ. ನೀವು ಹೂಂ ಅಂತೀರ. ಪಾಪ, ನೀನು ಮನೇಲಿರು ಅಂತೀರ. ಒಂದ್ಸಲ ಏಣಿ ಇಳಿದ ಹೆಂಗಸನ್ನ ಮತ್ತೆ ಯಾರು ರೀ ಹತ್ತಿಸ್ತಾರೆ? ನಿಮಗಾದ್ರೆ ಕೈ ಸರಿಯಾಯ್ತಾ ಅಂತ ಕೇಳ್ತಾರೆ. ನಂಗೆ, ಸಾಕಲ್ಲಮ್ಮ, ಇನ್ನು ಆರಾಮಾಗಿರು ಅಂತಾರೆ.”

“ಹಾಗಂತ ನೋವು ತಿಂತಾ ಕೂತ್ಕೋತೀಯಾ?”

“ಗೆರೆ ಮುಗೀಲಿ. ಆಮೇಲೆ ನೋಡೋಣ.”

ಅವನು ಅಮ್ಮನ ಕಡೆ ತಿರುಗಿ, “ನೀನಾದ್ರೂ ಹೇಳಮ್ಮ,” ಎಂದ. ಅಮ್ಮ ಆಗಷ್ಟೇ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆಯನ್ನು ಮಗನ ಮುಖದ ಮುಂದೆ ಹಿಡಿದಳು.

“ಇದು ಯಾವ ಕೈ?”

“ಎಡಗೈ. ನೀನು ಎಡಚಿ ಅಲ್ವಾ.”

“ನಾನು ಎಡಚಿ ಅಂತ ನಿಂಗೆ ಯಾರು ಹೇಳಿದ್ದು?”

“ಚಿಕ್ಕಂದಿನಿಂದ ನೋಡ್ತಿದೀನಲ್ಲಮ್ಮ.”

“ನೀನು ಹುಟ್ಟೋಕ್ ಮುಂಚೆ ನೋಡಿದ್ಯಾ? ನೀನು ತೊಟ್ಟಿಲಲ್ಲಿದ್ದಾಗ ಈ ಬಲಭುಜ ಹಿಡ್ಕೊಂಡಿದ್ದು. ರಾತ್ರಿಯೆಲ್ಲ ನಿದ್ದೆ ಇಲ್ಲ. ನಿಮ್ಮಪ್ಪನ ಹತ್ರ ಹೇಳಿದ್ರೆ, ಎಲ್ಲರಿಗೂ ಬರುತ್ತೆ ಬಿಡು ಅಂದ್ರು. ಬಿಟ್ಟೆ. ಎಡಗೈ ರೂಢಿ ಮಾಡ್ಕೊಂಡೆ. ಆ ಕೈ ಇವತ್ತಿಗೂ ಕಿವಿಯಿಂದ ಮೇಲೆ ಹೋಗಲ್ಲ.”

ಅವಳು ಎತ್ತಿ ತೋರಿಸಿದಳು. ನಿಜವಾಗಿಯೂ ಕಿವಿಯ ಹತ್ತಿರ ಬಂದು ನಿಂತಿತು. ರೋಲರಪ್ಪ ಆ ಕೈಯನ್ನೇ ನೋಡುತ್ತ ಕೂತ. ಐವತ್ತು ದಾಟಿದ ಗಂಡಸು. ತನ್ನ ತಾಯಿ ಯಾವ ಕೈಯವಳೆಂದು ಅವನಿಗೆ ಇವತ್ತು ಗೊತ್ತಾಗುತ್ತಿತ್ತು. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

“ನೀನ್ ಮಾಡಿದ್ದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು,” ಎಂದಳು ಅಮ್ಮ. “ಎದ್ದೇಳೇ, ಹೋಗು. ಈ ಮನೇಲಿ ಒಬ್ಬಳು ಎಡಚಿ ಸಾಕು.”

ಗೆರೆಯಮ್ಮ ಎದ್ದಳು.

ಫಿಸಿಯೋ ಹುಡುಗಿ ಗೆರೆಯಮ್ಮನ ಕೈಯನ್ನು ಹಗುರಾಗಿ ಹಿಡಿದು ಮುಂದಕ್ಕೆ, ಪಕ್ಕಕ್ಕೆ, ಬೆನ್ನ ಹಿಂದಕ್ಕೆ ಒಯ್ದು ನೋಡಿದಳು.  ಹಾಸಿಗೆಯ ಅಂಚನ್ನು ಹಿಡಿದಿದ್ದ ಅವಳ ಎಡಗೈಯ ಬೆರಳುಗಳು ಬೆಳ್ಳಗಾಗುವುದನ್ನು ರೋಲರಪ್ಪ ನೋಡಿದ. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದರೂ ಆ ಕೈಯನ್ನು ಅವನು ಹೀಗೆ ನೋಡಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಇಬ್ಬರ ಕಣ್ಣೂ ಗೋಡೆಯ ಮೇಲೇ ಇರುತ್ತಿದ್ದವು.

ಅವಳ ಭುಜದ ಚಿತ್ರವೂ ಬಂತು. ಅದನ್ನು ನೋಡಿ ರೋಲರಪ್ಪನಿಗೆ ಆಶ್ಚರ್ಯ. ಹರಿದದ್ದು ಎಲ್ಲೂ ಇಲ್ಲ. ಒಂದಿಷ್ಟು ಊತ ಮಾತ್ರ.

“ಇಷ್ಟೇನಾ? ಇಷ್ಟಕ್ಕೇ ಅಷ್ಟು ನೋವಾ?” ಎಂದುಬಿಟ್ಟ. ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

“ಎಲ್ಲರೂ ಹೀಗೇ ಕೇಳ್ತಾರೆ,” ಎಂದಳು ಫಿಸಿಯೋ, ಎರಡು ಚಿತ್ರಗಳನ್ನೂ ಅಕ್ಕಪಕ್ಕ ಹಿಡಿದು. “ಇದು ಮಾಂಸವನ್ನ ಮೂಳೆಗೆ ಕಟ್ಟಿರೋ ಹುರಿ. ನಿಮ್ದು ಹೆಚ್ಚು ಹರಿದಿದೆ, ನೋವು ಕಡಿಮೆ. ಇವರದು ಹರಿದಿಲ್ಲ, ನೋವು ಹೆಚ್ಚು. ಚಿತ್ರದಲ್ಲಿ ಹುರಿ ಕಾಣುತ್ತೆ, ನೋವು ಕಾಣಲ್ಲ. ಎಲ್ಲರಿಗೂ ಹೀಗೇ ಅಂತ ಹೇಳಕ್ಕಾಗಲ್ಲ. ಆದ್ರೆ ಹೆಂಗಸರಲ್ಲಿ ಬಹಳ ಸಲ ನೋವು ಜಾಸ್ತಿ ಇರುತ್ತೆ, ರಾತ್ರಿ ಮಲಗೋಕೆ ಬಿಡಲ್ಲ, ಬಲ ವಾಪಸ್ ಬರೋದು ನಿಧಾನ. ಇವರ ವಯಸ್ಸಲ್ಲಿ ದೇಹ ಬೇರೆ ಬದಲಾಗ್ತಿರುತ್ತೆ. ನೀವು ದಮ್ಮು ಕಟ್ಟಿ ಎಳೆಯೋ ಪಟ್ಟೀನ ಇವರ ಕೈಗೆ ಕೊಟ್ರೆ ಉರಿಯೋ ಬೆಂಕಿಗೆ ಎಣ್ಣೆ.”

“ಅಂದ್ರೆ ಇವಳು ಕಳ್ಳಾಟ ಆಡ್ತಿರಲಿಲ್ಲ,” ಎಂದ ರೋಲರಪ್ಪ, ಮೆಲ್ಲಗೆ.

“ಏನು?”

“ಏನಿಲ್ಲ ಡಾಕ್ಟ್ರಮ್ಮ.”

ಗೆರೆಯಮ್ಮ ಈಗ ಕೇಳಿದಳು. “ಏಣಿ ಹತ್ತಬಾರದು ಅಂತ ಹೇಳ್ತೀರಾ?” ಅವಳ ದನಿ ಸಣ್ಣಗಾಗಿತ್ತು. ಆ ಪ್ರಶ್ನೆಯ ಉತ್ತರಕ್ಕೇ ಅವಳು ಇಷ್ಟು ದಿನ ಹೆದರಿದ್ದು.

ಫಿಸಿಯೋ ಚಿತ್ರಗಳನ್ನು ಕೆಳಗಿಟ್ಟಳು. “ನೀವು ಕೆಲಸ ಮಾಡೋವಾಗ ಹೇಗೆ ನಿಲ್ತೀರಿ, ತೋರಿಸಿ,” ಎಂದಳು.

ಇಬ್ಬರೂ ಗೋಡೆಯ ಪಕ್ಕ ಒಬ್ಬರ ಪಕ್ಕ ಒಬ್ಬರು ನಿಂತರು, ಹಲಗೆಯ ಮೇಲೆ ನಿಂತ ಹಾಗೆಯೇ. ರೋಲರಪ್ಪ ಉದ್ದನೆಯ ಆಸಾಮಿ. ಗೆರೆಯಮ್ಮನ ನೆತ್ತಿ ಅವನ ಎದೆಯ ಜೇಬಿನ ಹತ್ತಿರ ಬರುತ್ತಿತ್ತು. ಫಿಸಿಯೋ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮೇಲಂಚು ತೋರಿಸಿ, “ಅದೇ ಗೆರೆ ಅಂದ್ಕೊಳ್ಳಿ,” ಎಂದಳು. ರೋಲರಪ್ಪ ಕೈಯನ್ನು ಹಣೆಯ ಮಟ್ಟಕ್ಕೆ ಎತ್ತಿದ, ಕೈ ಮುಟ್ಟಿತು. ಗೆರೆಯಮ್ಮ ಹಿಮ್ಮಡಿ ಎತ್ತಿ, ಮೈಯನ್ನೆಲ್ಲ ಚಾಚಿ, ಅರ್ಧದಲ್ಲೇ ಕೈ ಹಿಡಿದುಕೊಂಡು ನಿಂತಳು.

“ಇಬ್ಬರಿಗೂ ಒಂದೇ ಹಲಗೇನಾ?” ಎಂದು ಕೇಳಿದಳು ಫಿಸಿಯೋ.

“ಹೂಂ. ಮೊದಲಿಂದ್ಲೂ.”

“ಯಾರ ಎತ್ತರಕ್ಕೆ ಹಾಕ್ತೀರಿ?”

 ಆ ಪ್ರಶ್ನೆಯನ್ನು ಮದುವೆಯಾದಾಗಿನಿಂದ ರೋಲರಪ್ಪನನ್ನು ಯಾರೂ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲ. ಹಲಗೆ ಹಾಕುತ್ತಿದ್ದವನು ಅವನು. ಅವನು ಹತ್ತಿ ನಿಂತು ಕೈ ಎಟುಕಿದರೆ ಹಲಗೆ ಸರಿಯಾಯಿತು ಎಂದು ಅರ್ಥ. ಆಮೇಲೆ ಅವಳಿಗೆ ಕೈ ಕೊಟ್ಟು ಹತ್ತಿಸಿಕೊಳ್ಳುತ್ತಿದ್ದ. ಅದನ್ನು ಪ್ರೀತಿ ಎಂದೇ ಅವನು ತಿಳಿದಿದ್ದ. ಪ್ರೀತಿಯೇ ಅದು, ಅದರಲ್ಲಿ ಅನುಮಾನವಿಲ್ಲ.

“ಮುಂಡೇದು,” ಎಂದು ತನ್ನನ್ನೇ ಬೈದುಕೊಂಡ. “ಡಾಕ್ಟ್ರಮ್ಮ, ಇವಳ ಭುಜ ಕೆಡಿಸಿದ್ದು ನಾನೇ.”

“ಅಯ್ಯೋ, ಸುಮ್ನಿರಿ. ನಂಗಾದ್ರೂ ಬಾಯಿ ಇರ್ಲಿಲ್ವಾ,” ಎಂದಳು ಗೆರೆಯಮ್ಮ. ಅವಳಿಗೆ ನಗು ಬಂದುಬಿಟ್ಟಿತು. “ನಾನೂ ಈಗ್ಲೇ ನೋಡ್ತಿರೋದು.”

“ಏಣಿ ಹತ್ತಬಹುದು. ಆದ್ರೆ ಈಗಲ್ಲ,” ಎಂದಳು ಫಿಸಿಯೋ. “ಮೊದಲು ನೋವು ಇಳೀಲಿ. ನಾನು ಹೇಳಿದ್ದನ್ನ ಮಾತ್ರ ಮಾಡಿ, ಇವರು ಹೇಳಿದ್ದನ್ನ ಮಾಡಬೇಡಿ. ಆಮೇಲೂ ಮೊಣಕೈ ಭುಜಕ್ಕಿಂತ ಮೇಲೆ ಹೋಗದ ಹಾಗೆ ನಿಂತು ಕೆಲಸ ಮಾಡೋದಾದ್ರೆ ಮಾಡಿ. ಹೇಗೆ ನಿಲ್ತೀರಿ ಅನ್ನೋದು ನಿಮಗೇ ಬಿಟ್ಟಿದ್ದು.”

ಮನೆಯಲ್ಲಿ ಮೊದಲ ಸಲ ಎರಡು ಎನ್ನುವುದು ಶುರುವಾಯಿತು. ಕಿಟಕಿಯ ಸರಳಿನಲ್ಲಿ ಅವನ ಕೆಂಪು ಪಟ್ಟಿ. ಊಟದ ಮೇಜಿನ ಮೇಲೆ ಅವಳ ಮಡಿಸಿದ ಟವೆಲ್ಲು. ಅವಳು ಟವೆಲ್ಲಿನ ಮೇಲೆ ಅಂಗೈ ಇಟ್ಟು ಮೇಜಿನುದ್ದಕ್ಕೂ ಮೆಲ್ಲಗೆ ಜಾರಿಸುತ್ತಿದ್ದಳು, ನೋವು ಬಂದಲ್ಲಿ ನಿಲ್ಲಿಸುತ್ತಿದ್ದಳು. ರೋಲರಪ್ಪನಿಗೆ “ಇನ್ನೂ ಸ್ವಲ್ಪ” ಎನ್ನಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಅಮ್ಮ ಅದನ್ನು ಕಂಡುಹಿಡಿದು, ಬಾಯಿ ತೆರೆದರೆ ಸಾಕು, “ಲೋ” ಎಂದು ಕೆಮ್ಮುತ್ತಿದ್ದಳು.

ಅದಕ್ಕಿಂತ ದೊಡ್ಡ ಸಂಗತಿ ಜಡೆಯದು. ಅವಳ ಕೈ ಮೇಲೆ ಹೋಗುವವರೆಗೆ ಜಡೆ ತಾನೇ ಹಾಕುತ್ತೇನೆಂದು ಅವನು ಹೊರಟ. ಮೊದಲ ದಿನ ಹಾಕಿದ್ದು ಹಡಗು ಕಟ್ಟುವ ಹಗ್ಗದಂತಿತ್ತು. ಹುಬ್ಬುಗಳು ಮೇಲಕ್ಕೆ ಎಳೆದುಕೊಂಡು ಅವಳು ಎಲ್ಲವನ್ನೂ ನೋಡಿ ಬೆರಗಾದವಳ ಹಾಗೆ ಕಾಣುತ್ತಿದ್ದಳು.

“ನಿಮಗೆ ಕೂದಲಿಲ್ಲ ಅಂತ ನನ್ನದನ್ನೂ ಕಿತ್ತು ಹಾಕೋ ಪ್ಲಾನಾ?”

“ಸುಮ್ನೆ ಕೂತ್ಕೋ. ಅಲ್ಲಾಡಿದ್ರೆ ಗೆರೆ ತಪ್ಪುತ್ತೆ.”

“ಇದು ಬೈತಲೆ ರೀ, ಗೋಡೆ ಅಲ್ಲ!”

ದಿನ ಹೋದಂತೆ ಕೈ ಕುದುರಿತು. ಒಂದು ಬೆಳಿಗ್ಗೆ ಅವಳು ಕನ್ನಡಿ ನೋಡಿಕೊಂಡು ಏನೂ ಅನ್ನದೆ ಹೊರಟಾಗ ಅವನಿಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಇತ್ತ ಲೈಬ್ರರಿಯಲ್ಲಿ ಕೆಲಸ ಕೊನೆಗೆ ಬರುತ್ತಿತ್ತು. ಛಾವಣಿ ಬಿಳಿಯಾಯಿತು, ಗೋಡೆಗಳು ಹಸಿರಾದವು, ಗೆರೆಯೊಂದು ಬಾಕಿ. ಬಿಳಿಯೂ ಹಸಿರೂ ಒಂದಕ್ಕೊಂದು ತಾಗಿ ಅಂಚೆಲ್ಲ ಹರಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಗೆರೆಯಮ್ಮ ಕೆಳಗೆ ಕುರ್ಚಿಯಲ್ಲಿ ಕೂತು ಕಿಟಕಿಯ ಚೌಕಟ್ಟುಗಳಿಗೆ ಬಣ್ಣ ಹಚ್ಚುತ್ತ ಆಗಾಗ ಮೇಲೆ ನೋಡುತ್ತಿದ್ದಳು. ಲೈಬ್ರರಿಯ ಮೇಡಂ ದಿನಕ್ಕೊಮ್ಮೆ ಬಂದು ಅವಳ ಭುಜವನ್ನೂ ಗೋಡೆಯನ್ನೂ ನೋಡಿಕೊಂಡು ಹೋಗುತ್ತಿದ್ದರು. ಓದುವವರು ಹೊರಗೆ ಕಾರಿಡಾರಿನ ಬೆಂಚುಗಳಲ್ಲಿ ಒತ್ತಿಕೊಂಡು ಕೂತಿದ್ದರು. ಇನ್ನೆಷ್ಟು ದಿನ ಹಾಗೆ ಕೂರಿಸಲಾದೀತು? ಕೊನೆಗೆ ಅವರೇ ಬಂದು ಹೇಳಿದರು.

“ತಪ್ಪು ತಿಳ್ಕೋಬೇಡಿ. ಈ ವಾರ ಆಗ್ಲಿಲ್ಲ ಅಂದ್ರೆ ಟೇಪ್ ಹಾಕಿಸಿ ಯಾರ ಕೈಲಾದ್ರೂ ಮಾಡಿಸ್ತೀನಿ. ನಂಗೂ ಬೇರೆ ದಾರಿ ಇಲ್ಲ.”

ಅವರು ಹೋದ ಮೇಲೆ ಗೆರೆಯಮ್ಮ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಲೇ ಇದ್ದಳು, ಬಣ್ಣ ಪೂರ್ತಿ ಹೋದರೂ ಒರೆಸುತ್ತಿದ್ದಳು.

“ನಾನು ಎಳೀತೀನಿ ಬಿಡು,” ಎಂದ ರೋಲರಪ್ಪ, ಧೈರ್ಯ ಹೇಳುವವನಂತೆ. “ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿಲ್ವಾ? ನಿನ್ನ ಕೈಯೇನು ನನ್ನ ಕೈಯೇನು!”

ಹತ್ತಿದ. ಉಸಿರು ಕಟ್ಟಿದ. ಒಂದು ಮಾರು ಎಳೆದು ಇಳಿದು ಬಂದು ಅವಳ ಪಕ್ಕದಲ್ಲಿ ನಿಂತು ನೋಡಿದ. ಹಾವು ಬಿಸಿಲಿಗೆ ಹೊರಟ ಹಾಗಿತ್ತು.

“ಗೋಡೆ ಸರಿಯಿಲ್ಲ ಕಣೇ. ಗಾರೆಯವನು ಉಬ್ಬುತಗ್ಗು ಬಿಟ್ಟಿದಾನೆ.”

“ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ,” ಎಂದಳು ಗೆರೆಯಮ್ಮ. ಆ ವಾರದಲ್ಲಿ ಅವಳು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕಳು. ಅವನೂ ನಕ್ಕ, ಮತ್ತೆ ಹತ್ತಿ ಒದ್ದೆ ಬಟ್ಟೆಯಲ್ಲಿ ಹಾವನ್ನು ಒರೆಸಿ ಹಾಕಿದ. ಒರೆಸುತ್ತ ಒರೆಸುತ್ತ ಅವನ ನಗು ನಿಂತಿತು. ಹಲಗೆಯ ಮೇಲೆ ನಿಂತವನು ತನ್ನ ಪಾದಗಳನ್ನು ನೋಡಿಕೊಂಡ. ಪಕ್ಕದಲ್ಲಿ ಅವಳು ನಿಲ್ಲುತ್ತಿದ್ದ ಜಾಗವನ್ನು ನೋಡಿದ. ಅಲ್ಲಿ ಹಲಗೆಯ ಮೇಲಿನ ಬಣ್ಣದ ಕಲೆಗಳ ನಡುವೆ ಎರಡು ಸಣ್ಣ ಜಾಗ ಸವೆದಿದ್ದವು. ಹಿಮ್ಮಡಿಯ ಜಾಗದಲ್ಲಿ ಸವೆದಿರಲಿಲ್ಲ, ಕಾಲ್ಬೆರಳುಗಳ ಜಾಗದಲ್ಲಿ ಮಾತ್ರ.

ಮರುದಿನ ಬೆಳಿಗ್ಗೆ ಅವಳ ಜಡೆ ಹಾಕಿ ಮುಗಿಸಿ ಅವನು ಮನೆ ಬಿಟ್ಟದ್ದು ಎಲ್ಲರಿಗಿಂತ ಮುಂಚೆ. ಗೆರೆಯಮ್ಮ ಲೈಬ್ರರಿ ಮುಟ್ಟುವ ಹೊತ್ತಿಗೆ ಹಾಲಿನಲ್ಲಿ ಇನ್ನೊಂದು ಜೊತೆ ಏಣಿ ನಿಂತಿತ್ತು. ಯಾರೋ ಮೇಸ್ತ್ರಿಯಿಂದ ಕೇಳಿ ತಂದದ್ದು. ಅದರ ಮೇಲೆ ಹೊಸ ಹಲಗೆ. ಎಲ್ಲೂ ಒಂದು ತೊಟ್ಟು ಬಣ್ಣ ಬೀಳದ, ಮರದ ವಾಸನೆ ಇನ್ನೂ ಹೋಗದ ಹಲಗೆ. ಅದನ್ನು ಅವನ ಹಲಗೆಗಿಂತ ಎರಡು ಮೆಟ್ಟಿಲು ಮೇಲೆ ಹಾಕಿ, ಅಲುಗದಂತೆ ಹಗ್ಗದಿಂದ ಬಿಗಿದು, ಹಿಂದುಗಡೆ ಒರಗಿಕೊಳ್ಳಲು ಅಡ್ಡಪಟ್ಟಿಯನ್ನೂ ಕಟ್ಟಿದ್ದ.

“ಇಷ್ಟೆತ್ತರನಾ?” ಎಂದಳು ಅವಳು.

“ಹತ್ತಿ ನೋಡು. ನಾನು ಹಿಡ್ಕೋತೀನಿ.”

“ಡಾಕ್ಟ್ರಮ್ಮ?”

“ಕೇಳ್ಕೊಂಡೇ ಬಂದಿದೀನಿ. ಮೊಣಕೈ ಕೆಳಗಿರ್ಲಿ, ಸುಸ್ತಾದ್ರೆ ಇಳೀಲಿ, ಒಂದೇ ದಿನ ಮುಗಿಸೋ ಹುಚ್ಚು ಬೇಡ ಅಂದ್ರು. ಇನ್ನೊಂದು ಮಾತೂ ಅಂದ್ರು. ಇವತ್ತು ಯಾರ ಭುಜದ ವಿಷಯ ಕೇಳ್ತಿದೀರಿ ಅಂತ ಮೊದ್ಲೇ ಹೇಳಿಬಿಡಿ ಅಂತ.”

ಅವಳು ಹತ್ತಿದಳು. ಹಲಗೆಯ ಮೇಲೆ ನಿಂತು, ಹಿಮ್ಮಡಿ ಊರಿ, ಗೋಡೆಗೆ ಮುಖ ಮಾಡಿದಳು. ಬಿಳಿ ಮತ್ತು ಹಸಿರು ಸೇರುವ ಜಾಗ ಅವಳ ಗಲ್ಲದ ಎದುರಿಗೇ ಇತ್ತು. ಅವಳು ಕೈಯನ್ನು ಮುಂದೆ ಚಾಚಿದಳು. ತಟ್ಟೆಯಿಂದ ತುತ್ತು ತೆಗೆದುಕೊಳ್ಳುವಷ್ಟು ಸುಲಭವಾಗಿ ಕೈ ಗೋಡೆಗೆ ಹೋಯಿತು. ಸ್ವಲ್ಪ ಹೊತ್ತು ಬ್ರಷ್ಷು ತಗುಲಿಸದೆ ಹಾಗೆಯೇ ನಿಂತಿದ್ದಳು.

“ಏನಾಯ್ತೇ? ನೋವಾ?” ಎಂದು ಕೆಳಗಿನಿಂದ ಅವನು ಗಾಬರಿಯಾಗಿ ಕೇಳಿದ.

“ಇಲ್ಲ ರೀ,” ಎಂದಳು. “ಗೆರೆ ಎಷ್ಟು ಹತ್ರ ಇದೆ.”

ಅವಳು ಉಸಿರು ಕಟ್ಟಿ ಎಳೆಯತೊಡಗಿದಳು. ಅವನು ಕೆಳಗೆ ಏಣಿ ಹಿಡಿದು ಕತ್ತೆತ್ತಿ ನೋಡುತ್ತಿದ್ದ. ಹೆಂಡತಿಯನ್ನು ಅವನು ಯಾವತ್ತೂ ಬಗ್ಗಿ ನೋಡಿ ಅಭ್ಯಾಸ. ಇವತ್ತು ಕತ್ತು ನೋಯುವಷ್ಟು ಎತ್ತರದಲ್ಲಿದ್ದಳು. ಅವನು ಹಾಕಿದ ಜಡೆ ಬೆನ್ನ ಮೇಲೆ ನೇರವಾಗಿ ಇಳಿದಿತ್ತು. ಗೆರೆ ಕಿಟಕಿಗಳನ್ನು ದಾಟಿ ಹೋಗುತ್ತಿತ್ತು. ಒಂದೊಂದು ಗೋಡೆ ಮುಗಿದಾಗಲೂ ಅವಳು ಇಳಿದು ಕೂತು ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಲೋಟ ಎರಡು ತಂದಿದ್ದರೂ ಚಹಾವನ್ನು ಮುಚ್ಚಳದಲ್ಲೇ ಕುಡಿದಳು. ಕಾರಿಡಾರಿನಿಂದ ಓದುವವರು ಬಾಗಿಲಲ್ಲಿ ಇಣುಕಿ ನೋಡಿ, ಪಿಸುಗುಟ್ಟಿ, ಮತ್ತೆ ಪುಸ್ತಕಕ್ಕೆ ಹೋಗುತ್ತಿದ್ದರು. ಅರ್ಧ ಹಾಲು ಅವತ್ತಾಯಿತು, ಉಳಿದರ್ಧಕ್ಕೆ ಇನ್ನೆರಡು ದಿನ ಹಿಡಿಯಿತು.

ಕೊನೆಯ ದಿನ ಕೊನೆಯ ಮೂಲೆಯಲ್ಲಿ, ಗೆರೆ ಹೊರಟಲ್ಲಿಗೇ ಬಂದು ಸೇರುವ ಹೊತ್ತಿಗೆ, ಅವಳು ಸ್ವಲ್ಪ ಹಿಂದೆ ಸರಿದು ನೋಡಲು ತಲೆಯೆತ್ತಿದಳು. ನೆತ್ತಿ ಮೇಲೆ ಠಕ್ಕೆಂದು ತಗುಲಿತು.

“ಅಯ್ಯೋ, ತಲೆ!” ಎಂದು ಕೂಗಿದ ರೋಲರಪ್ಪ. “ಬೆಳಿಗ್ಗೆ ಆ ಮೂಲೇಲಿ ಕಲೆ ಕಾಣ್ತು ಅಂತ ಒಂದು ಕೈ ಬಿಳಿ ಹೊಡೆದಿದ್ದೆ. ಇನ್ನೂ ಹಸಿ ಇದೆ. ಹೇಳೋಕೇ ಮರೆತೆ.”

ಅವಳು ಗೆರೆಯ ತುದಿಯನ್ನು ಗೆರೆಯ ಬುಡಕ್ಕೆ ಸೇರಿಸಿಯೇ ಇಳಿದಳು. ಸೇರಿದ ಜಾಗ ಎಲ್ಲಿ ಎಂದು ಮೇಡಂ ಬಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಹುಡುಕುವುದನ್ನು ಬಿಟ್ಟು ಅವರು ಮೇಜಿನ ಮೇಲಿನ ಹೊದಿಕೆಯನ್ನು ತಾವೇ ಎಳೆದು, ಬೆಂಚುಗಳನ್ನು ಒಳಗೆ ತರಲು ಹೇಳಿದರು.

ರೋಲರಪ್ಪ ಒದ್ದೆ ಬಟ್ಟೆ ಹಿಂಡಿಕೊಂಡು ಬಂದ. ದಿನಾ ಸಂಜೆ ಅವನ ನೆತ್ತಿಯ ಮೇಲೆ ಬಿದ್ದ ಬಿಳಿಯನ್ನು ಒರೆಸುತ್ತಿದ್ದವಳು ಅವಳು. ಅವನು ಬಗ್ಗುತ್ತಿದ್ದ, ಅವಳು ಎರಡೇಟು ಹಾಕಿದ ಹಾಗೆ ಒರೆಸುತ್ತಿದ್ದಳು. “ಬಾ, ಇವತ್ತು ನಾನು ಒರೆಸ್ತೀನಿ. ಬೈತಲೆ ತುಂಬ ಆಗಿದೆ.”

ಗೆರೆಯಮ್ಮ ಬಲಗೈ ಎತ್ತಿದಳು. ಮೆಲ್ಲಗೆ ಎತ್ತಿದಳು. ಕೈ ಭುಜ ದಾಟಿತು, ಕಿವಿ ದಾಟಿತು, ಅಲ್ಲಿ ಒಂದು ಕ್ಷಣ ನಿಂತಿತು. ಅವನು ಬಟ್ಟೆ ಹಿಡಿದುಕೊಂಡು ಉಸಿರು ಬಿಡದೆ ನೋಡುತ್ತಿದ್ದ. ಕೈ ಇನ್ನೂ ಮೇಲೆ ಹೋಗಿ ನೆತ್ತಿ ಮುಟ್ಟಿತು. ಅವಳು ಬೆರಳನ್ನು ಕಣ್ಣ ಮುಂದೆ ತಂದು ಅದರ ತುದಿಗಂಟಿದ ಬಿಳಿಯನ್ನು ನೋಡಿದಳು.

“ಇರ್ಲಿ ಬಿಡಿ,” ಎಂದಳು.

“ಒಣಗಿದ್ರೆ ಹೋಗಲ್ಲ ಕಣೇ.”

“ಇರ್ಲಿ ಅಂದ್ನಲ್ಲ.”

ಸಂಜೆ ಬೀದಿಯಲ್ಲಿ ಜನ ಮನೆಗೆ ಹೋಗುತ್ತಿದ್ದರು. ಅವಳು ಬ್ರಷ್ಷಿನ ಚೀಲ ಹಿಡಿದು ಮುಂದೆ ನಡೆಯುತ್ತಿದ್ದಳು. ಅವನು ಎಡಹೆಗಲ ಮೇಲೆ ಎರಡೂ ಹಲಗೆಗಳನ್ನು ಹೊತ್ತು ಹಿಂದೆ ಬರುತ್ತಿದ್ದ. ಮೂಲೆಯ ಅಂಗಡಿಯವಳು ಬಾಗಿಲು ಎಳೆಯುತ್ತಿದ್ದವಳು ಗೆರೆಯಮ್ಮನನ್ನು ಕಂಡು ನಿಂತಳು.

“ಏನಮ್ಮ, ತಲೆಗೆ ಏನೋ ಬೆಳ್ಳಗೆ ಆಗಿದೆಯಲ್ಲ?”

“ಹೂಂ,” ಎಂದಳು ಗೆರೆಯಮ್ಮ, ನಡಿಗೆ ನಿಲ್ಲಿಸದೆ. “ಛಾವಣಿ ತಗುಲ್ತು.”